ಹಸ್ತೆಯಿಂದ ವಿಶಾಖೆವರೆಗೆ: ಕಾಡಂಚಿನ ಮನೆ ಸುತ್ತ ಏನು ನೋಡಬಹುದು, ಹೇಗೆ ತೆಗೆಯಬಹುದು? (ಪ್ರಶ್ನೋತ್ತರ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಅಂಚಿನಮನೆ
ಆಗುಂಬೆ–ತೀರ್ಥಹಳ್ಳಿ ನಡುವಿನ ಒಂಟಿಮನೆ. ಹಿಂದೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನಬೆಟ್ಟ, ಮುಂದೆ ಅಡಿಕೆ ತೋಟ, ತೋಟದ ಕೆಳಗೆ ಹಳ್ಳ, ಮನೆಗಿಂತ ಸ್ವಲ್ಪ ಮೇಲೆ ಬಯಲಾಗಿರುವ ಹಾಸುಬಂಡೆ. ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮೊದಲ ವಾರದವರೆಗೆ ಅಲ್ಲೇ ಇರುವ ಯೋಜನೆ. ಕೈಯಲ್ಲಿರುವುದು ಕ್ರಾಪ್ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾ, 100 ಎಂಎಂ ಮ್ಯಾಕ್ರೊ, 70–300 ಜೂಮ್, ಒಂದು ಫ್ಲ್ಯಾಶ್, ಟ್ರೈಪಾಡ್. ಸಫಾರಿ, ಚಾರಣ ಬೇಡ. ಮನೆಯಿಂದ ಕೂಗಳತೆಯಲ್ಲಿ ಏನೇನು ಸಿಗುತ್ತದೆ? ಎಲೆಗಳೆಲ್ಲ ಕೆಂಪಾಗುವ ದೃಶ್ಯ ಯಾವ ವಾರ ಸಿಗಬಹುದು?

ಸೊಪ್ಪಿನಬೆಟ್ಟ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಯಾವ ವಾರವೂ ಸಿಗುವುದಿಲ್ಲ. ನೀವು ಹೇಳುವ ಜಾಗ ನಿತ್ಯಹರಿದ್ವರ್ಣ ಕಾಡು. ಅಲ್ಲಿ ಕೆಂಪು ಕಾಣುವುದು ಉದುರುವ ಎಲೆಯಲ್ಲಲ್ಲ, ಚಿಗುರಿನಲ್ಲಿ. ನಾಗಸಂಪಿಗೆ, ದಾಲ್ಚಿನ್ನಿ, ಕಾಡುಮಾವಿನ ಎಳೆ ಎಲೆಗಳು ಆಂಥೋಸಯನಿನ್ ಎಂಬ ವರ್ಣದ್ರವ್ಯ ತುಂಬಿಕೊಂಡು ಕೆಂಪಾಗಿ, ನೇತುಬಿದ್ದಂತೆ ಇರುತ್ತವೆ, ಬಲಿತಂತೆ ಹಸಿರಾಗುತ್ತವೆ. ಇದರ ದೊಡ್ಡ ಹಬ್ಬ ಜನವರಿ ದಾಟಿದ ಮೇಲೆ. ಮಳೆ ಬಿಟ್ಟ ಕೂಡಲೇ ಅಲ್ಲೊಂದು ಇಲ್ಲೊಂದು ಕೊಂಬೆ ಚಿಗುರುವುದುಂಟು. ಕಂಡರೆ ಬೆಳಕಿಗೆ ಎದುರಾಗಿ ನಿಂತು, ಹಿಂದಿನಿಂದ ಬಿಸಿಲು ಎಲೆಯನ್ನು ತೂರಿ ಬರುವಂತೆ ತೆಗೆಯಿರಿ.

ಶರತ್ಕಾಲದ ನಿಜವಾದ ಬಣ್ಣ ಹುಲ್ಲಿನದು. ಚಿತ್ತೆ ಮಳೆ ಮುಗಿಯುವಾಗ ಹುಲ್ಲು ತೆನೆ ಬಿಟ್ಟಿರುತ್ತದೆ, ವಿಶಾಖೆ ಹೊತ್ತಿಗೆ ಹೊಂಬಣ್ಣ. ಇಲ್ಲಿ ಕ್ಯಾಲೆಂಡರಿನ ತಿಂಗಳಿಗಿಂತ ಮಳೆ ನಕ್ಷತ್ರ ಹಿಡಿದು ಲೆಕ್ಕ ಹಾಕುವುದೇ ಸರಿ. ಹಸ್ತೆ (ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 10ರ ಆಸುಪಾಸು) ಅಣಬೆಗೆ, ಹಾಸುಬಂಡೆಯ ಹೂಗಳಿಗೆ. ಚಿತ್ತೆ (ಸುಮಾರು 23ರವರೆಗೆ) ಚಿಟ್ಟೆ, ಜೇಡ, ಹಳ್ಳದ ಕಪ್ಪೆಗೆ. ಸ್ವಾತಿ, ವಿಶಾಖೆಯಲ್ಲಿ ವಲಸೆ ಹಕ್ಕಿ, ಇಬ್ಬನಿ, ಮಂಜು. ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಚಿತ್ತೆಯಲ್ಲಿ ಮಾಮೂಲು, ಹಾಗಾಗಿ ಹೊರಗಿನ ಕೆಲಸವೆಲ್ಲ ಬೆಳಿಗ್ಗೆ ಇಟ್ಟುಕೊಳ್ಳಿ.

ಹಳ್ಳದ_ದಾರಿ
ಹಳ್ಳ ಇದೆ ಎಂದಿರಿ. ಹಾಗಾದರೆ ನಿಮ್ಮ ಮೊದಲ ವಾರ ಪೂರ್ತಿ ಅಲ್ಲೇ ಕಳೆಯಬಹುದು. ಕುಣಿಯುವ ಕಪ್ಪೆಗಳ (ಮೈಕ್ರಿಕ್ಸಾಲಸ್ ಕುಲ) ಕಾಲ ಅದು. ಹೆಚ್ಚಿನ ಕಪ್ಪೆಗಳು ಜೂನ್–ಆಗಸ್ಟ್‌ನಲ್ಲಿ ಕೂಗಿ ಮುಗಿಸಿದರೆ, ಇವು ಹಳ್ಳದ ರಭಸ ಇಳಿದು ಬಂಡೆಗಳು ಹೊರಬಿದ್ದ ಮೇಲೆ ಶುರುಮಾಡುತ್ತವೆ. ಕೊಟ್ಟಿಗೆಹಾರದ ಹೆಸರಿನ ಪ್ರಭೇದವನ್ನು 1937ರಲ್ಲಿ ಪ್ರಾಣಿವಿಜ್ಞಾನಿ ಸಿ. ಆರ್. ನಾರಾಯಣರಾವ್ ವಿವರಿಸಿದ್ದರು, ಮಧ್ಯ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕಾಣುವುದು ಬಹುಮಟ್ಟಿಗೆ ಅದೇ.

ಹಗಲು ಹೊತ್ತಿನ ಕಪ್ಪೆ, ಹಾಗಾಗಿ ರಾತ್ರಿ ಬ್ಯಾಟರಿ ಹಿಡಿದು ಅಲೆಯುವುದು ಬೇಡ. ಗಂಡಿನ ಗಾತ್ರ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು, ಬಣ್ಣ ಒದ್ದೆ ದರಗಿನದು (ದರಗು ಎಂದರೆ ಉದುರಿದ ಎಲೆ). ಕಣ್ಣಿಗೆ ಮೊದಲು ಬೀಳುವುದು ಗಂಟಲಿನ ಬಿಳಿ ಚೀಲ. ಕೂಗಿದ ಮೇಲೆ ಒಂದು ಹಿಂಗಾಲನ್ನು ಹಿಂದಕ್ಕೆ ಚಾಚಿ, ಬೆರಳು ಅಗಲಿಸಿ, ಜಾಲಪೊರೆ ತೋರಿಸಿ ಒಳಗೆಳೆದುಕೊಳ್ಳುತ್ತದೆ. ನೀರಿನ ಸದ್ದಿನಲ್ಲಿ ಕೂಗು ಮುಳುಗುವ ಕಡೆ ಈ ಕಾಲಿನ ಸನ್ನೆ ಎದುರಾಳಿಗೆ ಕಾಣಲಿ ಎಂದು.

ಎರಡು ಮೀಟರ್ ದೂರದಲ್ಲಿ ಕುಳಿತುಬಿಡಿ. ನೀವು ಬಂದ ಕೂಡಲೇ ಎಲ್ಲವೂ ಸುಮ್ಮನಾಗುತ್ತವೆ. ಕಾಲು ಗಂಟೆ ಅಲುಗಾಡದಿದ್ದರೆ ಮತ್ತೆ ಕೂಗು ಶುರು. 70–300 ಮಸೂರವೇ ಇದಕ್ಕೆ ಸರಿ. ಮ್ಯಾಕ್ರೊ ಹಿಡಿದು ಹತ್ತಿರ ಹೋದರೆ ಸಿಗುವುದು ಹೆದರಿ ಕೂತ ಕಪ್ಪೆಯ ಚಿತ್ರ ಮಾತ್ರ. ಬೆಳಕಿನ ಲೆಕ್ಕ ಮೊದಲೇ ತಿಳಿದಿರಲಿ: ಮರದ ನೆರಳಿನ ಹಳ್ಳದಲ್ಲಿ ಅಪರ್ಚರ್ (ಮಸೂರದ ಕಿಂಡಿ) ಎಫ್/5.6, ಐಎಸ್‌ಒ (ಬೆಳಕಿಗೆ ಸಂವೇದನೆ) 3200 ಇಟ್ಟರೂ ಶಟರ್ ವೇಗ 1/125 ಸೆಕೆಂಡಿನ ಆಸುಪಾಸು ಬರುತ್ತದೆ, 1/1000 ಕನಸು. ಆದರೆ ಕಾಲು ಪೂರ್ತಿ ಚಾಚಿದಾಗ ಅದು ಅರೆಗಳಿಗೆ ನಿಲ್ಲುತ್ತದೆ, 1/250 ಇದ್ದರೆ ಸಾಕು. ಐಎಸ್‌ಒ 6400ಕ್ಕೆ ಏರಿಸಿ, ಗಂಟಲಿನ ಚೀಲ ಉಬ್ಬಿದ ಕೂಡಲೇ ಬರ್ಸ್ಟ್ (ಒಂದರ ಹಿಂದೊಂದು ಚಿತ್ರ) ಒತ್ತಿ. ಕಾಲು ಎದ್ದಮೇಲೆ ಒತ್ತಿದರೆ ತಡವಾಯಿತು.

ಎಫ್_ಹನ್ನೊಂದು
ಅದೇ ಹಳ್ಳಕ್ಕೆ ಪೋಲರೈಸರ್ ಫಿಲ್ಟರ್ ಹಾಕಿ ಎಂದು ಕೆಲವರು ಹೇಳುತ್ತಾರೆ. ಒದ್ದೆ ಬಂಡೆಯ ಹೊಳಪು ಹೋಗುವುದು ನಿಜ, ಆದರೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕೂ ಹೋಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ). ಕಪ್ಪೆಗೆ ಬೇಡ. ಟ್ರೈಪಾಡ್ ಮೇಲೆ ಜರೀಗಿಡ, ಪಾಚಿ, ಕೆಸುವಿನ ಎಲೆ ತೆಗೆಯುವಾಗ ಹಾಕಿ.

ಇನ್ನು ಮ್ಯಾಕ್ರೊ. 1:1 ಹಿಗ್ಗುವಿಕೆಯಲ್ಲಿ (ವಸ್ತು ಸೆನ್ಸರಿನ ಮೇಲೆ ನಿಜ ಗಾತ್ರದಲ್ಲೇ ಮೂಡುವುದು) ಎಫ್/11 ಇಟ್ಟರೂ ಸ್ಪಷ್ಟವಾಗಿ ಸಿಗುವ ಆಳ ಒಂದು ಮಿಲಿಮೀಟರಿನೊಳಗೆ. ಎಫ್/22ಕ್ಕೆ ಹೋದರೆ ಆಳ ಹೆಚ್ಚುತ್ತದೆ, ಆದರೆ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದು) ಇಡೀ ಚಿತ್ರ ಮಸುಕು, ಏಕೆಂದರೆ 1:1ರಲ್ಲಿ ಎಫ್/11 ಎಂಬುದೇ ಕೆಲಸದಲ್ಲಿ ಎಫ್/22ಕ್ಕೆ ಸಮ. ಅದಕ್ಕೇ 1:1ರ ಮೋಹ ಬಿಟ್ಟು 1:2 ಅಥವಾ 1:3ರಲ್ಲಿ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ. ಕೀಟದ ಮೈ ಸೆನ್ಸರಿಗೆ ಸಮಾನಾಂತರವಾಗಿರುವಂತೆ ಕ್ಯಾಮೆರಾ ಓರೆ ಮಾಡುವುದು ಅಪರ್ಚರ್ ಬದಲಿಸುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಫ್ಲ್ಯಾಶಿನ ಆರಂಭಿಕ ಅಳತೆ: 1/160ರಿಂದ 1/200, ಎಫ್/11, ಐಎಸ್‌ಒ 400, ಫ್ಲ್ಯಾಶ್ ಮ್ಯಾನುಯಲ್, ಪೂರ್ಣ ಶಕ್ತಿಯ 1/8. ಡಿಫ್ಯೂಸರ್ ಇಲ್ಲದೆ ಒದ್ದೆ ಚರ್ಮದ ಪ್ರಾಣಿಗೆ ಫ್ಲ್ಯಾಶ್ ಹೊಡೆದರೆ ಮೈತುಂಬ ಬಿಳಿ ಚುಕ್ಕೆ. ಹಾಲುಬಣ್ಣದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಸೂರದ ಮೇಲೆ ಚಪ್ಪರದಂತೆ ಬಾಗಿಸಿ ಕಟ್ಟಿ. ಹಾಳೆ ವಸ್ತುವಿಗೆ ಎಷ್ಟು ಹತ್ತಿರವೋ ಬೆಳಕು ಅಷ್ಟು ಮೆದು. ಹಿನ್ನೆಲೆ ಕಪ್ಪಾಗುತ್ತಿದ್ದರೆ ಫ್ಲ್ಯಾಶ್ ಹೆಚ್ಚಿಸಬೇಡಿ, ಐಎಸ್‌ಒ ಹೆಚ್ಚಿಸಿ, ಶಟರ್ 1/60ಕ್ಕೆ ಇಳಿಸಿ.

ಹಾಸುಬಂಡೆ
ಆ ಬಯಲು ಬಂಡೆಗೆ ತಡಮಾಡದೆ ಹೋಗಿ. ತೆಳು ಮಣ್ಣಿನಲ್ಲಿ ನೀರು ಜಿನುಗುವವರೆಗೆ ಮಾತ್ರ ಯುಟ್ರಿಕ್ಯುಲೇರಿಯಾ, ಡ್ರೊಸೆರಾ, ಎರಿಯೊಕಾಲಾನ್ ಎಂಬ ಪುಟ್ಟ ಗಿಡಗಳು ಇರುತ್ತವೆ. ಸ್ವಾತಿ ಹೊತ್ತಿಗೆ ಬಂಡೆ ಒಣಗಿ ಎಲ್ಲ ಮಾಯ. ಮೊದಲೆರಡೂ ಕೀಟಾಹಾರಿಗಳು. ಯುಟ್ರಿಕ್ಯುಲೇರಿಯಾದ ನೀಲಿ ಹೂವು ಮಾತ್ರ ಮೇಲೆ ಕಾಣುತ್ತದೆ, ಬೇಟೆಯಾಡುವ ಚೀಲಗಳು ಕೆಸರಿನೊಳಗೆ. ಡ್ರೊಸೆರಾದ ಅಂಟುಹನಿಗಳು ಬೇಕಿದ್ದರೆ ಎಂಟು ಗಂಟೆಯೊಳಗೆ, ಸೂರ್ಯನಿಗೆ ಎದುರಾಗಿ, ಮಸೂರ ನೆಲಮಟ್ಟಕ್ಕೆ ಇಳಿಸಿ.

ಟ್ರೈಪಾಡ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಒಂದೂವರೆ ಕಿಲೊ ಅಕ್ಕಿಯನ್ನು ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಅದನ್ನು ಬಟ್ಟೆ ಚೀಲಕ್ಕೆ ಹಾಕಿದರೆ ಒಳ್ಳೆಯ ಆಧಾರ. ಕವರಿಲ್ಲದೆ ಅಕ್ಕಿ ಹಾಕಿದರೆ ಬೇಗನೆ ಮುಗ್ಗಲು ವಾಸನೆ.

ನೀಲಿ, ನೇರಳೆ ಹೂವಿನ ಬಣ್ಣ ಕ್ಯಾಮೆರಾದಲ್ಲಿ ಕೆಡುವುದು ಜಾಸ್ತಿ. ಆಟೊ ವೈಟ್ ಬ್ಯಾಲೆನ್ಸ್ ಬಿಟ್ಟು 5200 ಕೆಲ್ವಿನ್‌ಗೆ ಕಟ್ಟಿಹಾಕಿ, ರಾ (RAW) ಕಡತವಾಗಿ ತೆಗೆಯಿರಿ. ಮರದ ನೆರಳಿನಲ್ಲಾದರೆ ಮೇಲಿನ ಎಲೆಗಳಿಂದ ಹಸಿರು ಛಾಯೆ ಇಳಿಯುತ್ತದೆ, ಒಂದು ಚಿತ್ರ ಬೂದು ಕಾರ್ಡಿನದೂ ಇರಲಿ. ನಡೆಯುವಾಗ ಬರಿಬಂಡೆ ಮೇಲೆಯೇ ಹೆಜ್ಜೆ. ಮಣ್ಣಿರುವ ಅಂಗೈಯಗಲದ ಜಾಗದಲ್ಲಿ ಹತ್ತಾರು ಗಿಡ ಇರುತ್ತವೆ.

ಬೇಲಿಯಲ್ಲಿ ಕೆಂಪು–ಹಳದಿ ಜ್ವಾಲೆಯಂಥ ಹೂವು ಕಂಡರೆ ಅದು ಅಗ್ನಿಶಿಖೆ, ಕೆಲವೆಡೆ ಗೌರಿ ಹೂವು ಎನ್ನುತ್ತಾರೆ. ಎಲೆಯ ತುದಿಯೇ ಸುರುಳಿಯಾಗಿ ಬೇಲಿ ಹಿಡಿದುಕೊಳ್ಳುವುದನ್ನು ಹತ್ತಿರದಿಂದ ತೆಗೆಯಿರಿ, ಹೂವಿಗಿಂತ ಚೆನ್ನ. ಗಡ್ಡೆಯಿಂದ ಬೀಜದವರೆಗೆ ಕಾಲ್ಚಿಸಿನ್ ಎಂಬ ವಿಷ ಇದೆ, ಮಕ್ಕಳ ಕೈಗೆ ಕೊಡಬೇಡಿ.

ಚಿಟ್ಟೆಪಟ್ಟಿ
ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದರೆ ಚಿಟ್ಟೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಂಗಳದಲ್ಲಿ ರಥಪುಷ್ಪ ಇದ್ದರೆ ಅದರ ಎದುರು ಬೆಳಿಗ್ಗೆ ಎಂಟರಿಂದ ಹತ್ತು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಬರುವುದು ಅಲ್ಲಿಗೇ. ಮಕರಂದ ಹೀರುವಾಗಲೂ ಅದರ ಮುಂದಿನ ರೆಕ್ಕೆಗಳು ನಡುಗುತ್ತಲೇ ಇರುತ್ತವೆ, ಪೂರ್ತಿ ಕೂರುವುದೇ ಇಲ್ಲ. ರೆಕ್ಕೆ ನಿಲ್ಲಿಸಬೇಕಾದರೆ 1/1600. 1/250 ಇಟ್ಟರೆ ತಲೆ, ಹಿಂದಿನ ರೆಕ್ಕೆಯ ಹಳದಿ ಸ್ಪಷ್ಟವಾಗಿ, ಮುಂದಿನದು ಮಸುಕಾಗಿ ಬರುತ್ತದೆ. ನನ್ನ ಮತ ಎರಡನೆಯದಕ್ಕೆ. ಮರಿಹುಳು ಬೆಳೆಯುವುದು ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿ. ಕಳೆ ಸವರುವಾಗ ಅದನ್ನು ಉಳಿಸಲು ಮನೆಯವರಿಗೆ ಹೇಳಿ.

ಅಕ್ಟೋಬರ್–ನವೆಂಬರಿನಲ್ಲಿ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋ ಚಿಟ್ಟೆಗಳು ಬಯಲುಸೀಮೆ ಕಡೆಯಿಂದ ಘಟ್ಟಕ್ಕೆ ಮರಳುತ್ತವೆ. ಗಿಜಿಗಿಜಿ ಗಿಡದ (ಕ್ರೊಟಲೇರಿಯಾ) ಒಣಗಿದ ಅಥವಾ ಗೀರಿದ ಕೊಂಬೆಗೆ ಗಂಡುಗಳು ಮುತ್ತಿಕೊಂಡಿರುವುದನ್ನು ನೋಡಬಹುದು. ಅವು ಹೀರುತ್ತಿರುವುದು ಮಕರಂದವಲ್ಲ, ಗಿಡದ ಆಲ್ಕಲಾಯ್ಡ್; ಹೆಣ್ಣನ್ನು ಸೆಳೆಯುವ ಗಂಧಕ್ಕೂ, ಹಕ್ಕಿಗಳಿಗೆ ಕಹಿಯಾಗುವುದಕ್ಕೂ ಅದು ಬೇಕು. ಆಗ ಅವು ಎಷ್ಟು ಮೈಮರೆತಿರುತ್ತವೆಂದರೆ ಅರ್ಧ ಅಡಿ ಹತ್ತಿರ ಹೋದರೂ ಏಳುವುದಿಲ್ಲ.

ಪತಂಗಕ್ಕೆ ಬಿಳಿ ಪಂಚೆ ಸಾಕು. ಎರಡು ಕಂಬದ ನಡುವೆ ಹಗ್ಗ ಕಟ್ಟಿ, ಪಂಚೆ ಇಳಿಬಿಟ್ಟು, ಕೆಳಗಿನ ಎರಡು ಅಡಿ ನೆಲದ ಮೇಲೆ ಹರಡಿ, ಏಕೆಂದರೆ ದಪ್ಪ ಪತಂಗಗಳು ಬಟ್ಟೆಗೆ ಬಡಿದು ಕೆಳಗೆ ಬೀಳುತ್ತವೆ. 10–20 ವ್ಯಾಟಿನ ಯುವಿ ಎಲ್‌ಇಡಿ (365ರಿಂದ 395 ನ್ಯಾನೊಮೀಟರ್) ಎರಡು ಅಡಿ ದೂರದಲ್ಲಿ. ದೀಪವನ್ನು ನೇರ ನೋಡಬೇಡಿ, 365ರದ್ದಾದರೆ ಯುವಿ ತಡೆಯುವ ಕನ್ನಡಕ ಹಾಕಿ. ಸಂಜೆ ಏಳರಿಂದ ಹನ್ನೊಂದು, ಅಷ್ಟೇ. ಸೀಗೆ ಹುಣ್ಣಿಮೆ ಹತ್ತಿರದ ರಾತ್ರಿಗಳಲ್ಲಿ ಪಂಚೆ ಖಾಲಿ ಇರುತ್ತದೆ. ದೀಪಾವಳಿ ಅಮಾವಾಸ್ಯೆ ಎದುರಿನ ವಾರ ಒಳ್ಳೆಯದು, ಹಬ್ಬದ ದೀಪಗಳು ಎಳೆದುಕೊಳ್ಳುವಷ್ಟನ್ನು ಬಿಟ್ಟುಕೊಡಬೇಕು. ಪಟಾಕಿ ಹೊಗೆ ಬಂತೆಂದರೆ ಆ ರಾತ್ರಿ ಮುಗಿಯಿತು.

ಅಂಚಿನಮನೆ
ಪಂಚೆ ಮೇಲಿನ ಚಿತ್ರಗಳು ಎಲ್ಲರದ್ದೂ ನೀಲಿ ನೀಲಿಯಾಗಿ ಕಾಣುತ್ತವಲ್ಲ, ಅದಕ್ಕೇನು ಮಾಡುವುದು?

ಎಫ್_ಹನ್ನೊಂದು
ಸೋಪಿನ ಪುಡಿಯಲ್ಲಿರುವ ಹೊಳಪುಕಾರಕ ಯುವಿಗೆ ನೀಲಿಯಾಗಿ ಹೊಳೆಯುತ್ತದೆ. ಫ್ಲ್ಯಾಶ್ ಹಾಕಿ 1/200, ಎಫ್/11, ಐಎಸ್‌ಒ 200 ಇಟ್ಟರೆ ಯುವಿ ದೀಪದ ಬೆಳಕು ಚಿತ್ರದಲ್ಲಿ ದಾಖಲಾಗುವುದೇ ಇಲ್ಲ, ಬಟ್ಟೆ ಬಿಳಿಯಾಗುತ್ತದೆ. ಇನ್ನೂ ಚೆಂದ ಬೇಕಾದರೆ ತೊಗಟೆಯ ತುಂಡನ್ನು ಪತಂಗದ ಮುಂದೆ ಹಿಡಿಯಿರಿ, ತಾನಾಗಿ ಹತ್ತುತ್ತದೆ. ರೆಕ್ಕೆ ಹಿಡಿದು ಎತ್ತಬೇಡಿ.

ಮಂಗಟ್ಟೆ
ದೀಪ ಆರಿಸಿದ ಮೇಲೆ ಪಂಚೆಯನ್ನು ಹಾಗೇ ಬಿಟ್ಟು ಮಲಗಬೇಡಿ. ಬೆಳಗಾಗುತ್ತಲೇ ಕಾಜಾಣ, ಪಿಕಳಾರ, ಮಡಿವಾಳ ಬಂದು ಸಾಲಾಗಿ ಹೆಕ್ಕುತ್ತವೆ, ಎರಡೇ ದಿನದಲ್ಲಿ ಅಭ್ಯಾಸ ಮಾಡಿಕೊಳ್ಳುತ್ತವೆ. ರಾತ್ರಿಯೇ ಬಟ್ಟೆಯನ್ನು ಪೊದೆಯ ಮೇಲೆ ಮೆಲ್ಲಗೆ ಕೊಡವಿ. ಕಣಜವೂ ದೀಪಕ್ಕೆ ಬರುತ್ತದೆ, ಮಡಚುವ ಮೊದಲು ಎರಡು ಬದಿಯನ್ನೂ ನೋಡಿ.

ಹಕ್ಕಿಗೆ ಬರುವುದಾದರೆ, ಬೂದು ಸಿಪಿಲೆ ಸೆಪ್ಟೆಂಬರಿನಲ್ಲೇ ಬಂದಿರುತ್ತದೆ, ಹಳ್ಳದ ಬಂಡೆ ಮೇಲೆ ಬಾಲ ಕುಣಿಸುತ್ತ ಓಡಾಡುವ ಹಳದಿ ಹೊಟ್ಟೆಯದು. ಅಕ್ಟೋಬರಿನಲ್ಲಿ ನವರಂಗ ಇಳಿಯುತ್ತದೆ. ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಸಿಳ್ಳು ಕೊಡುತ್ತದೆ, ಉಳಿದ ಹೊತ್ತು ದರಗು ಕೆದಕುತ್ತ ನೆಲದ ಮೇಲೆ. ಇದನ್ನು ಹಿಂಬಾಲಿಸಿದರೆ ಸಿಗುವುದಿಲ್ಲ. ಕಿಟಕಿಯೇ ಮರೆ. ಒಳಗಿನ ದೀಪ ಆರಿಸಿ, ಕಿಟಕಿಯಿಂದ ಒಂದು ಮೀಟರ್ ಹಿಂದೆ ಟ್ರೈಪಾಡ್ ಇಟ್ಟು, ಹಿಂದೆ ಕಪ್ಪು ಕಂಬಳಿ ನೇತುಹಾಕಿ. ಮಸೂರದ ಮೂತಿ ಸರಳಿನಿಂದ ಹೊರಗೆ ಚಾಚಿದರೆ ಎಲ್ಲ ವ್ಯರ್ಥ.

ಅಂಗಳದಲ್ಲಿ ನೀರಿನ ತಟ್ಟೆ ಇಡಿ ಎಂಬ ಸಲಹೆ ಯಾರಾದರೂ ಕೊಟ್ಟರೆ ಈಗ ಬೇಡ. ಎಲ್ಲೆಲ್ಲೂ ನೀರಿರುವಾಗ ಯಾವ ಹಕ್ಕಿ ತಟ್ಟೆಗೆ ಬರುತ್ತದೆ ಮಾರಾಯ್ರೆ, ಅದು ಜನವರಿಯ ಕೆಲಸ. ಈಗ ಕೇಳಬೇಕಾದದ್ದು ಕಾಜಾಣದ ದನಿ. ಮರಿ ಮಾಡುವ ಕಾಲ ಮುಗಿದು ಹಕ್ಕಿಗಳು ಮಿಶ್ರ ಗುಂಪು ಕಟ್ಟಿಕೊಂಡು ಕಾಡಿನಲ್ಲಿ ಸಾಗುತ್ತವೆ, ಉದ್ದಬಾಲದ ಕಾಜಾಣ ಹೆಚ್ಚಾಗಿ ಅದರ ಜೊತೆಗಿರುತ್ತದೆ. ಗದ್ದಲ ಕೇಳಿದರೆ ಗುಂಪಿನ ಹಿಂದೆ ಓಡದೆ, ಅದು ಸಾಗುವ ದಿಕ್ಕಿನಲ್ಲಿ ಇಪ್ಪತ್ತು ಮೂವತ್ತು ಮೀಟರ್ ಮುಂದೆ ಹೋಗಿ ನಿಲ್ಲಿ. ಐದು ನಿಮಿಷ ತಲೆಯ ಮೇಲೆ ಹಬ್ಬ, ಆಮೇಲೆ ಅರ್ಧ ದಿನ ಒಂದು ಹಕ್ಕಿಯೂ ಇಲ್ಲ.

ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದನ್ನು ದಯವಿಟ್ಟು ಯಾರೂ ಇಲ್ಲಿ ಕಲಿಸಬೇಡಿ. ದೂರದಿಂದ ಹಾರಿಬಂದ ಹಕ್ಕಿ ಜಾಗ ಹಿಡಿಯಲು ಪೈಪೋಟಿ ನಡೆಸುವ ದಿನಗಳಿವು, ಇಲ್ಲದ ಎದುರಾಳಿಗಾಗಿ ಅದನ್ನು ಓಡಾಡಿಸುವುದು ಅನ್ಯಾಯ.

ಅಣಬೆಕೊಳೆ
ಹಸ್ತೆ ಮಳೆ ಚೆನ್ನಾಗಿ ಹೊಯ್ದಿದ್ದರೆ ಬೆಟ್ಟದ ಅಂಚಿನಲ್ಲಿ ಕೊಳೆತ ಮರದ ತುಂಡುಗಳ ಮೇಲೆ ರಾತ್ರಿ ಹೊಳೆಯುವ ಶಿಲೀಂಧ್ರ ಇನ್ನೂ ಸಿಗಬಹುದು. ಚಂದ್ರನಿಲ್ಲದ ರಾತ್ರಿ, ಬ್ಯಾಟರಿ ಆರಿಸಿ ಹದಿನೈದು ನಿಮಿಷ ಕತ್ತಲಿಗೆ ಕಣ್ಣು ಹೊಂದಿಸಿಕೊಂಡರೆ ಮಾತ್ರ ಕಾಣುತ್ತದೆ. ಬ್ಯಾಟರಿ ಬೆಳಕಲ್ಲಿ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಬದಲಿಸಿ, ಎಫ್/2.8, ಐಎಸ್‌ಒ 3200, ಎರಡು ನಿಮಿಷ. ಮಸುಕಾಗಿ ಬಂದರೆ ನಾಲ್ಕು. ಕ್ಯಾಮೆರಾದ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಪ್ರತಿ ಚಿತ್ರಕ್ಕೂ ಅಷ್ಟೇ ಹೊತ್ತು ಮತ್ತೆ ಕಾಯಬೇಕು, ಕೆಟ್ಟುಹೋಯಿತೆಂದು ಕ್ಯಾಮೆರಾದ ಬ್ಯಾಟರಿ ಕೀಳಬೇಡಿ.

ಹಳ್ಳದ_ದಾರಿ
ರಾತ್ರಿ ಹೊರಗೆ ಹೋಗುವವರಿಗೆ ಒಂದು ಮಾತು. ಮಲಬಾರ್ ಗುಳಿಮಂಡಲ ಎಂಬ ವಿಷದ ಹಾವು ಹಳ್ಳದ ಬದಿಯ ಪೊದೆಯಲ್ಲಿ ಸೊಂಟದೆತ್ತರಕ್ಕೆ ಅಲುಗಾಡದೆ ಕೂತಿರುತ್ತದೆ. ಹಸಿರು, ಕಂದು, ಹಳದಿ, ಹೇಗೆ ಬೇಕಾದರೂ ಇರಬಹುದು, ಬಣ್ಣ ನಂಬಬೇಡಿ. ಕೊಂಬೆ ಹಿಡಿಯುವ, ಟ್ರೈಪಾಡ್ ಕಾಲು ಊರುವ ಮೊದಲು ಬೆಳಕು ಬಿಡಿ. ನಮ್ಮ ದೇಶದ ಬಹುಪ್ರಭೇದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಗುಳಿಮಂಡಲಕ್ಕೆಂದು ಪ್ರತ್ಯೇಕ ಔಷಧಿ ಇಲ್ಲ. ಕಡಿದರೆ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ ಆಸ್ಪತ್ರೆಗೆ.

ಉಂಬಳಕ್ಕೆ (ಜಿಗಣೆ) ಮೊಣಕಾಲುದ್ದದ ಉಂಬಳ ಕಾಲುಚೀಲ, ಅದರ ಮೇಲೆ ಸುಣ್ಣ–ಹೊಗೆಸೊಪ್ಪು. ಆ ಕೈಯಲ್ಲಿ ಕಪ್ಪೆ ಮುಟ್ಟಬೇಡಿ, ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಸೊಳ್ಳೆ ಔಷಧಿಯಲ್ಲಿ ಡೀಟ್ ಇದ್ದರೆ ಅಂಗೈ ಒರೆಸಿಕೊಂಡೇ ಕ್ಯಾಮೆರಾ ಹಿಡಿಯಿರಿ. ಅದು ರಬ್ಬರು, ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಂಟು ಮಾಡುತ್ತದೆ. ನವೆಂಬರ್ ದಾಟಿ ಉಳಿಯುವುದಾದರೆ ಉಣುಗಿನ ಕಾಲ ಶುರು, ಮಂಗನ ಕಾಯಿಲೆಯ ಸೀಮೆ ಅದು. ದರಗಿನ ಮೇಲೆ ಮಲಗಿ ಚಿತ್ರ ತೆಗೆಯುವುದು ಆಗ ನಿಲ್ಲಲಿ, ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲ ಹಚ್ಚಿಕೊಳ್ಳಿ.

ಎಫ್_ಹನ್ನೊಂದು
ಯಾರೂ ಹೇಳದೆ ಬಿಟ್ಟ ವಿಷಯ: ಬೂಷ್ಟು. ಆ ಹವೆಯಲ್ಲಿ ಕ್ಯಾಮೆರಾ ಚೀಲವೇ ಮಸೂರದ ಶತ್ರು, ಒದ್ದೆ ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಅದರೊಳಗೆ ಕಾಲು ಕಿಲೊ ಬಣ್ಣ ಬದಲಿಸುವ ಸಿಲಿಕಾ ಜೆಲ್, ಇನ್ನೂರು ಮುನ್ನೂರು ರೂಪಾಯಿಯ ತೇವಮಾಪಕ. ಮುಳ್ಳು 40–50 ಶೇಕಡದಲ್ಲಿ ನಿಲ್ಲಬೇಕು. 30ಕ್ಕಿಂತ ಕೆಳಗೆ ಇಳಿಸಿದರೆ ಒಳಗಿನ ಜಿಡ್ಡು, ರಬ್ಬರ್ ಒಣಗುತ್ತವೆ. ಜೆಲ್ ಬಣ್ಣ ಬದಲಿಸಿದ ಮೇಲೆ 120 ಡಿಗ್ರಿಯ ಅವನ್‌ನಲ್ಲಿ ಎರಡು ಗಂಟೆ. ಅವನ್ ಇಲ್ಲದಿದ್ದರೆ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಗೆ ಕೈಯಾಡಿಸುತ್ತಿರಿ, ಆ ಬಾಣಲೆ ಮತ್ತೆ ಅಡುಗೆಗೆ ಬೇಡ.

ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿ ಇಡುವವರಿದ್ದಾರೆ. ಹೊಗೆಯ ಜಿಡ್ಡು ಗಾಜಿಗೆ ಕೂತರೆ ಅದೇ ಬೂಷ್ಟಿಗೆ ಊಟ. ಬೆಳಗಿನ ಮಂಜಿನಿಂದ ಬಂದು ನೇರ ಅಡುಗೆಮನೆಗೆ ನುಗ್ಗಿದರೆ ಮಸೂರದ ಮೇಲೆ ಹಬೆ ಕೂರುತ್ತದೆ; ಹೊರಗೇ ಜಿಪ್ ಕವರಿಗೆ ಹಾಕಿ ಮುಚ್ಚಿ, ಒಳಗೆ ತಂದು ಮುಕ್ಕಾಲು ಗಂಟೆ ತೆರೆಯದೆ ಇಡಿ.

ಹಾಸುಬಂಡೆ
ಮಂಜಿನ ಮಾತು ಬಂತಲ್ಲ, ಸ್ವಾತಿಯ ಬೆಳಗಿನಲ್ಲಿ ಜೇಡರ ಬಲೆ ಮರೆಯಬೇಡಿ. ನೆಫಿಲಾ ಹೆಣ್ಣಿನ ಬಲೆ ಒಂದು ಮೀಟರಿಗೂ ಅಗಲ, ಬಿಸಿಲಿಗೆ ಚಿನ್ನದ ಬಣ್ಣ. ಅದೇ ಬಲೆಯ ಮೂಲೆಯಲ್ಲಿ ಹೆಸರುಕಾಳಿನಷ್ಟು ಗಂಡು. ಆರೂವರೆಯಿಂದ ಎಂಟರವರೆಗೆ, ಸೂರ್ಯ ಬಲೆಯ ಹಿಂದೆ, ಅದರ ಹಿಂದೆ ನೆರಳಿನ ತೋಟ. ಇಬ್ಬನಿ ಬೇಕೆಂದು ನೀರು, ಗ್ಲಿಸರಿನ್ ಸಿಂಪಡಿಸುವುದು ಬೇಡ. ಗ್ಲಿಸರಿನ್ ಆರುವುದಿಲ್ಲ, ಬಲೆ ಕೆಲಸಕ್ಕೆ ಬಾರದಾಗುತ್ತದೆ.

ಅಂಚಿನಮನೆ
ಕೊನೆಯದಾಗಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಸುಳಿದಾಗ ತಾನಾಗಿ ಚಿತ್ರ ತೆಗೆಯುವ ಡಬ್ಬಿ. ಬರ್ಕ, ಕಬ್ಬೆಕ್ಕಿನಂಥ ಸಣ್ಣ ಕಾಡುಪ್ರಾಣಿಗಳು ಬರುತ್ತವಂತೆ. ಸೊಪ್ಪಿನಬೆಟ್ಟದಲ್ಲಿ ಕಟ್ಟಬಹುದೇ?

ಸೊಪ್ಪಿನಬೆಟ್ಟ
ಬೇಡ. ಸೊಪ್ಪಿನಬೆಟ್ಟ ಸೊಪ್ಪು, ದರಗು ತರುವ ಹಕ್ಕಿನ ಜಾಗವೇ ಹೊರತು ಸ್ವಂತ ಜಮೀನಲ್ಲ; ಅರಣ್ಯ ಇಲಾಖೆಯನ್ನು ಕೇಳದೆ ಅಲ್ಲಿ ಏನನ್ನೂ ಕಟ್ಟಬಾರದು. ಅಭಯಾರಣ್ಯದ ಗಡಿಯೊಳಗಾದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಛಾಯಾಗ್ರಹಣಕ್ಕೂ ಅನುಮತಿ ಬೇಕು. ನಿಮ್ಮ ತೋಟದ ಬೇಲಿಯೊಳಗೆ, ಹಳ್ಳಕ್ಕೆ ಇಳಿಯುವ ಕಾಲುಹಾದಿಗೆ ಕಟ್ಟಿ.

ಎತ್ತರ ನೆಲದಿಂದ 40 ಸೆಂಟಿಮೀಟರ್, ಹಾದಿಯಿಂದ 3 ಮೀಟರ್ ದೂರ, ಹಾದಿಗೆ ಓರೆಯಾಗಿ. ನೇರ ಅಡ್ಡಲಾಗಿ ಇಟ್ಟರೆ ಕ್ಯಾಮೆರಾ ಎಚ್ಚರಗೊಳ್ಳುವುದರೊಳಗೆ ಪ್ರಾಣಿ ದಾಟಿ ಬಾಲ ಮಾತ್ರ ಸಿಗುತ್ತದೆ. ಮುಖ ಉತ್ತರಕ್ಕಿರಲಿ, ಪೂರ್ವ, ಪಶ್ಚಿಮಕ್ಕಾದರೆ ಬಿಸಿಲಿಗೇ ಕ್ಲಿಕ್ಕಾಗುತ್ತದೆ. ಎದುರಿನ ಹುಲ್ಲು, ಏಲಕ್ಕಿ ಎಲೆ ಸವರಿ, ಇಲ್ಲದಿದ್ದರೆ ಗಾಳಿಗೆ ಅಲ್ಲಾಡಿದ ಎಲೆಯ ಸಾವಿರ ಚಿತ್ರ ತುಂಬಿ ಕಾರ್ಡ್ ಮುಗಿಯುತ್ತದೆ. ಬಾಳೆಹಣ್ಣು, ಮೀನು ಏನನ್ನೂ ಇಡಬೇಡಿ. ಅಡಿಕೆ ಗೊನೆ ಕೊಯ್ಲು ಯಾವತ್ತು ಎಂದು ಮೊದಲೇ ಕೇಳಿಕೊಂಡು ಆ ದಿನ ಟ್ರ್ಯಾಪ್ ಬಿಚ್ಚಿಡಿ: ಕೆಲಸದವರ ಚಿತ್ರ ಅವರನ್ನು ಕೇಳದೆ ತೆಗೆದಂತಾಗುವುದು ಒಂದು, ಅಡಿಕೆ ಗೊನೆ ಮೇಲಿನಿಂದ ಬಿದ್ದರೆ ಡಬ್ಬಿ ಉಳಿಯದಿರುವುದು ಇನ್ನೊಂದು.